ವಿಮಾ ಪತ್ರದಲ್ಲಿ ಉಳಿದುಹೋದ ಹೆಸರು

(ನಂಜನಗೂಡು ಮತ್ತು ಟಿ. ನರಸೀಪುರದ ಕುಟುಂಬ ಸಭೆಗಳಲ್ಲಿ ಮಾಡಿದ ಭಾಷಣದ ಬರಹ ರೂಪ)





ತಲಾಖ್ ಎಂಬ ಪದ ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ನ್ಯಾಯಾಲಯಗಳ ತೀರ್ಪು, ಸಂಸತ್ತಿನ ಚರ್ಚೆ, ಟಿ.ವಿ. ಚಾನೆಲ್‌ಗಳ ಕೂಗಾಟ. 1985ರ ಶಾಬಾನು ಪ್ರಕರಣದಿಂದ 2017ರ ಶಾಯರಾ ಬಾನು ತೀರ್ಪಿನವರೆಗೆ, ಆ ಬಳಿಕ 2019ರ ಕಾನೂನಿನವರೆಗೆ ನಾವು ಈ ಕುರಿತು ಸಾಕಷ್ಟು ಓದಿದ್ದೇವೆ, ಬರೆದಿದ್ದೇವೆ, ಸಭೆ ನಡೆಸಿದ್ದೇವೆ. ಇಂದು ನಾವು ಮಾತನಾಡಲಿರುವುದು ಅಷ್ಟು ದೊಡ್ಡ ಸಂಗತಿಯ ಬಗ್ಗೆ ಅಲ್ಲ. ನಮ್ಮ ಮನೆಯ ಕಪಾಟಿನಲ್ಲಿ, ಬಟ್ಟೆಗಳ ಅಡಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟಿರುವ ಒಂದು ಕಾಗದದ ಬಗ್ಗೆ. ಅದು ಜೀವ ವಿಮೆಯ ಪಾಲಿಸಿ. ಅದರಲ್ಲಿ ‘ನಾಮಿನಿ’ ಎಂಬ ಪದದ ಮುಂದೆ ಒಂದು ಹೆಸರಿದೆ. ಆ ಹೆಸರು ಯಾರದು ಎಂದು ಈ ಸಭೆಯಲ್ಲಿ ಕುಳಿತಿರುವ ಎಷ್ಟು ಮಂದಿಗೆ ನೆನಪಿದೆ?

ಕಪಿಲೆ ನಂಜನಗೂಡನ್ನು ದಾಟಿ ಹರಿದು ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಎರಡು ಊರುಗಳ ನಡುವೆ ಹೆಣ್ಣು ಕೊಡುವ, ಹೆಣ್ಣು ತರುವ ಸಂಬಂಧವೂ ಹೊಸದೇನಲ್ಲ. ಆದ್ದರಿಂದ ಇಲ್ಲಿನದೇ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಒಬ್ಬ ಯುವಕ, ಟಿ. ನರಸೀಪುರದ ಯುವತಿಯೊಂದಿಗೆ ಅವನ ನಿಕಾಹ್ ಆಗುತ್ತದೆ. ಮದುವೆಯ ವರ್ಷವೇ ಪರಿಚಯದ ಏಜೆಂಟರೊಬ್ಬರ ಒತ್ತಾಯಕ್ಕೆ ಪಾಲಿಸಿ ಮಾಡಿಸುತ್ತಾನೆ. ಮೊತ್ತ 4,80,000 ರೂಪಾಯಿ, ನಾಮಿನಿ ಪತ್ನಿ. ಒಂದು ಗಂಡು, ಎರಡು ಹೆಣ್ಣು ಮಕ್ಕಳಾಗುತ್ತವೆ. ಬಳಿಕ ಹೊಂದಾಣಿಕೆ ತಪ್ಪುತ್ತದೆ, ಹಿರಿಯರ ಸಂಧಾನ ಫಲಿಸುವುದಿಲ್ಲ, ತಲಾಖ್ ಆಗುತ್ತದೆ, ಇದ್ದತ್ ಮುಗಿಯುತ್ತದೆ. ಆಕೆ ಮಕ್ಕಳನ್ನು ಕರೆದುಕೊಂಡು ತವರಿಗೆ ಮರಳುತ್ತಾಳೆ. ಆತ ಇನ್ನೊಂದು ಮದುವೆಯಾಗುತ್ತಾನೆ. ಮನೆಯಲ್ಲಿ ಹೊಸ ಪತ್ನಿ ಮತ್ತು ವಯಸ್ಸಾದ ತಾಯಿ. ವಿಮೆಯ ಕಂತನ್ನು ಮಾತ್ರ ತಪ್ಪದೆ ಕಟ್ಟುತ್ತಿರುತ್ತಾನೆ. ಒಂದು ದಿನ ರಸ್ತೆ ಅಪಘಾತದಲ್ಲಿ ಆತ ತೀರಿಕೊಳ್ಳುತ್ತಾನೆ. ಪಾಲಿಸಿ ತೆಗೆದು ನೋಡಿದರೆ ನಾಮಿನಿಯ ಜಾಗದಲ್ಲಿ ಮೊದಲ ಪತ್ನಿಯ ಹೆಸರೇ ಇದೆ.

ಈಗ ಮಾತು ಶುರುವಾಗುತ್ತದೆ. “ತಲಾಖ್ ಆದವಳಿಗೆ ಏನು ಹಕ್ಕು?” ಎಂದು ಆತನ ತಮ್ಮಂದಿರು ಕೇಳುತ್ತಾರೆ. “ಕಾಗದದಲ್ಲಿ ನಮ್ಮ ತಂಗಿಯ ಹೆಸರಿದೆಯಲ್ಲ” ಎಂದು ಆಕೆಯ ಅಣ್ಣಂದಿರು ಹೇಳುತ್ತಾರೆ. “ಈಗಿನ ಹೆಂಡತಿ ನಾನಲ್ಲವೇ?” ಎಂದು ಹೊಸ ಪತ್ನಿ ಅಳುತ್ತಾಳೆ. ಮೂರು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಆದರೆ ಮೂರರಲ್ಲಿಯೂ ಆ ಮೂವರು ಮಕ್ಕಳ ಹೆಸರಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಮೊದಲು ದೇಶದ ಕಾನೂನು ಏನು ಹೇಳುತ್ತದೆಂದು ನೋಡೋಣ. 1938ರ ವಿಮಾ ಕಾಯ್ದೆಯ 39ನೇ ಸೆಕ್ಷನ್ ನಾಮಿನಿಗೆ ಸಂಬಂಧಿಸಿದ್ದು. ಪಾಲಿಸಿದಾರನು ತಾನು ಬಯಸಿದವರ ಹೆಸರನ್ನು ಬರೆಸಬಹುದು. ಪಾಲಿಸಿಯ ಅವಧಿ ಮುಗಿದು ಹಣ ಕೈಗೆ ಬರುವ ಮೊದಲು ಯಾವಾಗ ಬೇಕಾದರೂ ಅದನ್ನು ಬದಲಿಸಬಹುದು, ರದ್ದುಪಡಿಸಬಹುದು. ಆದರೆ ಬದಲಿಸಿದ್ದನ್ನು ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿರಬೇಕು. ತಿಳಿಸದೆ ಇದ್ದರೆ, ದಾಖಲೆಯಲ್ಲಿರುವ ಹೆಸರಿನವರಿಗೆ ಸದ್ಭಾವನೆಯಿಂದ ಹಣ ಕೊಟ್ಟ ಸಂಸ್ಥೆಯನ್ನು ಆಮೇಲೆ ಯಾರೂ ಹೊಣೆ ಮಾಡಲಾಗದು. ವಿಚ್ಛೇದನವಾದೊಡನೆ ನಾಮಿನಿಯ ಹೆಸರು ತಾನಾಗಿ ರದ್ದಾಗುತ್ತದೆಂದು ಈ ಸೆಕ್ಷನ್ ಎಲ್ಲಿಯೂ ಹೇಳುವುದಿಲ್ಲ. ಮಸೀದಿಯ ದಫ್ತರದಲ್ಲಿ ತಲಾಖ್ ದಾಖಲಾಗಿರಬಹುದು, ಊರಿಗೆಲ್ಲ ತಿಳಿದಿರಬಹುದು. ವಿಮಾ ಕಚೇರಿಯ ಪುಸ್ತಕಕ್ಕೆ ಅದು ತಿಳಿದಿರುವುದಿಲ್ಲ.

ಇತರ ಕಡೆಗಳಲ್ಲಿ ಹೀಗೆಯೇ ಇದೆಯೇ? ಅಮೆರಿಕದ ಮಿನ್ನೆಸೋಟ ರಾಜ್ಯ 2002ರಲ್ಲಿ ಒಂದು ಕಾನೂನು ಮಾಡಿತು. ವಿಚ್ಛೇದನವಾದರೆ ವಿಮಾ ಪತ್ರದಲ್ಲಿ ಮಾಜಿ ಸಂಗಾತಿಯ ಹೆಸರು ತಾನಾಗಿಯೇ ರದ್ದಾಗುತ್ತದೆಂಬುದು ಆ ಕಾನೂನಿನ ಸಾರ. ಅದನ್ನು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂಥ ಕಾನೂನು ನಮ್ಮಲ್ಲಿಲ್ಲ. ಇಲ್ಲಿ ಹೆಸರು ಬರೆಸಿದವನೇ ಅದನ್ನು ಅಳಿಸಬೇಕು.

ಹಾಗಾದರೆ ನಾಮಿನಿಯಾದವರೇ ಹಣದ ಒಡೆಯರೇ? ಸರ್ಬತಿ ದೇವಿ ಮತ್ತು ಉಷಾ ದೇವಿ ಪ್ರಕರಣದಲ್ಲಿ 1983ರ ಡಿಸೆಂಬರ್‌ನಲ್ಲಿಯೇ ನಮ್ಮ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿ ನಾಮಿನಿಯಾಗಿದ್ದವರು ಪತ್ನಿ. ಪಾಲು ಕೇಳಿದವರು ಮೃತನ ತಾಯಿ ಮತ್ತು ಮಗ. ನಾಮಿನಿಯು ಹಣವನ್ನು ಪಡೆದುಕೊಳ್ಳುವ ಕೈ ಮಾತ್ರ, ಆ ಹಣವು ವಾರೀಸು ಕಾನೂನಿನ ಪ್ರಕಾರ ಹಕ್ಕುದಾರರಿಗೆ ಸಲ್ಲಬೇಕು ಎಂಬುದು ಆ ತೀರ್ಪಿನ ಸಾರಾಂಶ. 2015ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ತಂದೆ ತಾಯಿ, ಪತಿ ಅಥವಾ ಪತ್ನಿ, ಮಕ್ಕಳು – ಇವರಲ್ಲಿ ಯಾರನ್ನಾದರೂ ನಾಮಿನಿ ಮಾಡಿದ್ದರೆ ಹಣದ ಪ್ರಯೋಜನ ಅವರಿಗೇ ಸೇರುತ್ತದೆಂದು ಅದು ಹೇಳಿತು. ಇಲ್ಲಿಂದ ಗೊಂದಲ ಆರಂಭವಾಯಿತು. ವಾರೀಸು ಕಾನೂನನ್ನು ಈ ತಿದ್ದುಪಡಿ ಬದಿಗೆ ಸರಿಸಿತೇ?

ನಮ್ಮ ರಾಜ್ಯದ ಹೈಕೋರ್ಟಿನ ಧಾರವಾಡ ಪೀಠ 2025ರ ಆರಂಭದಲ್ಲಿ ಇದಕ್ಕೆ ‘ಇಲ್ಲ’ ಎಂದು ಉತ್ತರಿಸಿತು. ಅಲ್ಲಿ ಮದುವೆಗೆ ಮುಂಚೆ ಪಾಲಿಸಿ ಮಾಡಿಸಿದ್ದ ವ್ಯಕ್ತಿ ತಾಯಿಯನ್ನು ನಾಮಿನಿ ಮಾಡಿದ್ದರು. ಮದುವೆಯಾಗಿ ಮಗು ಹುಟ್ಟಿದ ಮೇಲೂ ಹೆಸರು ಬದಲಿಸಿರಲಿಲ್ಲ. ಅವರ ಮರಣಾನಂತರ ಅತ್ತೆ ಸೊಸೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ವಾರಸುದಾರರು ತಮ್ಮ ಪಾಲು ಕೇಳಿದಾಗ ನಾಮಿನಿಯ ಹಕ್ಕು ವಾರೀಸು ಕಾನೂನಿಗೆ ತಲೆಬಾಗಬೇಕು ಎಂದು ಹೈಕೋರ್ಟ್ ಹೇಳಿ, ತಾಯಿ, ಪತ್ನಿ, ಮಗು ಮೂವರಿಗೂ ಮೂರರಲ್ಲಿ ಒಂದೊಂದು ಪಾಲು ನೀಡಿತು. ಅದು ಹಿಂದೂ ಕುಟುಂಬವಾದ್ದರಿಂದ ಪಾಲು ಹಿಂದೂ ವಾರೀಸು ಕಾಯ್ದೆಯ ಪ್ರಕಾರವಾಯಿತು. ನಮಗಾದರೆ 1937ರ ಶರೀಅತ್ ಅನ್ವಯ ಕಾಯ್ದೆಯ ಮೂಲಕ ಇಸ್ಲಾಮೀ ವಾರೀಸು ನಿಯಮವೇ ಅನ್ವಯಿಸುತ್ತದೆ.

ಇನ್ನು ಶರೀಅತ್‌ನ ಲೆಕ್ಕಕ್ಕೆ ಬರೋಣ. ನಾವು ಊಹಿಸಿಕೊಂಡ ಆ ಯುವಕ ಸಾಲ ಉಳಿಸಿಲ್ಲ, ವಸಿಯ್ಯತ್ ಬರೆದಿಲ್ಲ, ತಂದೆ ಮೊದಲೇ ತೀರಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. 4,80,000 ರೂಪಾಯಿಯಲ್ಲಿ ಹೊಸ ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 60,000. ಅವಳಿಗೆ ಮಕ್ಕಳಿಲ್ಲದಿದ್ದರೂ ಗಂಡನಿಗೆ ಮಕ್ಕಳಿರುವುದರಿಂದ ಅವಳ ಪಾಲು ನಾಲ್ಕನೇ ಒಂದರಿಂದ ಎಂಟನೇ ಒಂದಕ್ಕೆ ಇಳಿಯುತ್ತದೆ. ತಾಯಿಗೆ ಆರನೇ ಒಂದು ಭಾಗ, 80,000. ಉಳಿದ 3,40,000ದಲ್ಲಿ ಮಗನಿಗೆ 1,70,000. ಇಬ್ಬರು ಹೆಣ್ಣು ಮಕ್ಕಳಿಗೆ ತಲಾ 85,000. ತಲಾಖ್ ಪಡೆದ ಪತ್ನಿಗೆ ವಾರೀಸು ಪಾಲಿಲ್ಲ. ಮಗನಿರುವುದರಿಂದ ತಮ್ಮಂದಿರಿಗೂ ಇಲ್ಲ. ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ಮಾತನಾಡುತ್ತಿದ್ದವರಿಗೆ ಒಂದು ಪೈಸೆಯೂ ಇಲ್ಲ. ಹೆಸರೇ ಎತ್ತದಿದ್ದ ಮಕ್ಕಳಿಗೆ ಮೂರರಲ್ಲಿ ಎರಡು ಭಾಗಕ್ಕಿಂತಲೂ ಹೆಚ್ಚು!

ಸಹೋದರರೇ, ಗಂಡ ಹೆಂಡತಿಯ ಸಂಬಂಧ ತಲಾಖ್‌ನಿಂದ ಕಡಿಯುತ್ತದೆ. ತಂದೆ ಮಕ್ಕಳ ಸಂಬಂಧ ಕಡಿಯುವುದಿಲ್ಲ. ತವರಿನಲ್ಲಿ ಬೆಳೆಯುತ್ತಿರುವ ಮಕ್ಕಳನ್ನು ‘ಅವಳ ಮಕ್ಕಳು’ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ವಾರೀಸಿನ ಕಾನೂನು ಹಾಗೆ ಕರೆಯುವುದಿಲ್ಲ. ಅಲ್ಲಾಹನ ಮುಂದೆ ಅವರು ಅವನ ಮಕ್ಕಳೇ. ಅಮಾನತ್ ಅನ್ನು ಹಕ್ಕುದಾರರಿಗೆ ತಲುಪಿಸಬೇಕೆಂಬ ಆಜ್ಞೆ, ಯತೀಮರ ಸೊತ್ತಿನ ಬಗ್ಗೆ ಕಠಿಣ ಎಚ್ಚರಿಕೆ, ವಾರೀಸಿನ ಪಾಲುಗಳ ವಿವರ – ಈ ಮೂರೂ ಪವಿತ್ರ ಕುರ್‌ಆನಿನ ಒಂದೇ ಅಧ್ಯಾಯದಲ್ಲಿ, ಸೂರಾ ಅನ್ನಿಸಾದಲ್ಲಿ ಬಂದಿವೆ. ನಾಮಿನಿಯ ಕೈಗೆ ಬಂದ ಹಣ ಅಮಾನತ್. ಅದನ್ನು ಮಾಜಿ ಪತ್ನಿ ಪಡೆಯಲಿ, ತಾಯಿ ಪಡೆಯಲಿ, ತಮ್ಮ ಪಡೆಯಲಿ, ಹಂಚಿ ಮುಗಿಯುವವರೆಗೆ ಅವರು ಅದರ ಕಾವಲುಗಾರರೇ ಹೊರತು ಒಡೆಯರಲ್ಲ.

ತಲಾಖ್ ಪಡೆದ ಸಹೋದರಿಗೆ ಹಾಗಾದರೆ ಏನೂ ಇಲ್ಲವೇ? ಇಲ್ಲಿ ನಾವು ಮರೆಯುವ ಎರಡು ಸಂಗತಿಗಳಿವೆ. ಮೊದಲನೆಯದು ಮಹರ್. ಕೊಡದೆ ಉಳಿಸಿಕೊಂಡ ಮಹರ್ ಗಂಡನ ಮೇಲಿನ ಸಾಲ. ವಾರೀಸು ಹಂಚುವ ಮೊದಲು ದಫನದ ಖರ್ಚಿನ ಬಳಿಕ ತೀರಬೇಕಾದುದು ಸಾಲ. ಮಹರ್ ಬಾಕಿಯಿದ್ದರೆ ಆಕೆ ವಾರಸುದಾರಳಲ್ಲ, ನಿಜ. ಆದರೆ ಸಾಲ ವಸೂಲಿಯ ಹಕ್ಕುಳ್ಳವಳು, ವಾರಸುದಾರರಿಗಿಂತ ಮುಂದೆ ನಿಲ್ಲಬೇಕಾದವಳು. ನಿಕಾಹ್‌ನಾಮೆಯಲ್ಲಿ ಮಹರ್ ಬರೆದು, ಕೊಟ್ಟದ್ದಕ್ಕೆ ಸಾಕ್ಷ್ಯವಿಲ್ಲದೆ, ತಲಾಖ್ ದಿನವೂ ಅದರ ಮಾತೆತ್ತದೆ ಮುಗಿಸಿದ ಎಷ್ಟು ಪಂಚಾಯಿತಿಗಳಿಗೆ ನಾವೇ ಸಾಕ್ಷಿಗಳಾಗಿಲ್ಲ?

ಎರಡನೆಯದು ವಸಿಯ್ಯತ್. ಸೊತ್ತಿನ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಮಾಡುವ ಅಧಿಕಾರ ಪ್ರತಿಯೊಬ್ಬ ಮುಸಲ್ಮಾನನಿಗಿದೆ. ಹನಫೀ ನಿಯಮದ ಪ್ರಕಾರ ವಾರಸುದಾರನಿಗೆ ವಸಿಯ್ಯತ್ ಮಾಡಿದರೆ ಇತರ ವಾರಸುದಾರರ ಒಪ್ಪಿಗೆ ಬೇಕು. ತಲಾಖ್ ಪಡೆದ ಪತ್ನಿ ವಾರಸುದಾರಳಲ್ಲವಾದ್ದರಿಂದ ಆಕೆಗೆ ಮಾಡಿದ ವಸಿಯ್ಯತ್‌ಗೆ ಆ ಅಡ್ಡಿಯಿಲ್ಲ. ತನ್ನ ಮಕ್ಕಳನ್ನು ಸಾಕುತ್ತಿರುವ ಮಹಿಳೆಗೆ ಒಳಿತು ಮಾಡಬೇಕೆಂಬ ಮನಸ್ಸಿದ್ದರೆ ದಾರಿ ತೆರೆದಿದೆ. ಮರೆತುಹೋದ ಹಳೆಯ ನಾಮಿನೇಶನ್ ಆ ದಾರಿಯಲ್ಲ. ಮರೆವು ಔದಾರ್ಯವೆನಿಸಿಕೊಳ್ಳದು.

ಇನ್ನೊಂದು ಸೂಕ್ಷ್ಮ ವಿಷಯ. ತಲಾಖ್ ‘ಆಗಿದೆ’ ಎಂದು ಊರು ಹೇಳುವುದಕ್ಕೂ ಅದು ಆಗಿರುವುದಕ್ಕೂ ವ್ಯತ್ಯಾಸವಿರಬಹುದು. ಮರಳಿ ಪಡೆಯಬಹುದಾದ ತಲಾಖ್‌ನಲ್ಲಿ ಇದ್ದತ್ ಮುಗಿಯುವವರೆಗೆ ಆಕೆ ಪತ್ನಿಯೇ. ಆ ಅವಧಿಯಲ್ಲಿ ಗಂಡ ತೀರಿಕೊಂಡರೆ ಅವಳಿಗೆ ವಾರೀಸು ಪಾಲಿದೆ. ಒಂದೇ ಉಸಿರಿನಲ್ಲಿ ಮೂರು ತಲಾಖ್ ಹೇಳಿ ಕಳುಹಿಸುವುದನ್ನು 2019ರ ಕಾನೂನು ಅಸಿಂಧು ಮಾತ್ರವಲ್ಲ, ಶಿಕ್ಷಾರ್ಹ ಅಪರಾಧವೆಂದೂ ಸಾರಿದೆ. ಆ ಕಾನೂನಿನ ಹಿಂದಿನ ರಾಜಕೀಯದ ಬಗ್ಗೆ ನಮ್ಮ ಆಕ್ಷೇಪ ಏನೇ ಇರಲಿ, ಅದರ ಪರಿಣಾಮ ಸ್ಪಷ್ಟ. ಹಾಗೆ ತವರಿಗೆ ಅಟ್ಟಲ್ಪಟ್ಟವಳು ಕಾನೂನಿನ ಕಣ್ಣಿನಲ್ಲಿ ಇನ್ನೂ ಪತ್ನಿಯೇ. ಗಂಡನ ಮರಣಾನಂತರ ಅವಳ ಪಾಲನ್ನು ನಿರಾಕರಿಸಿದವರು ನ್ಯಾಯಾಲಯದಲ್ಲಿ ಉತ್ತರಿಸಬೇಕಾಗುತ್ತದೆ.

ಇಷ್ಟು ಹೊತ್ತು ನಾವು ಗಂಡಸರ ಪಾಲಿಸಿಯ ಬಗ್ಗೆಯೇ ಹೇಳಿದೆವು. ಅದು ನಮ್ಮ ಹಳೆಯ ಅಭ್ಯಾಸ. ಇಂದು ನಮ್ಮ ಹೆಣ್ಣು ಮಕ್ಕಳು ಶಾಲೆಗಳಲ್ಲಿ ಕಲಿಸುತ್ತಿದ್ದಾರೆ, ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿದ್ದಾರೆ, ಆಸ್ಪತ್ರೆಗಳಲ್ಲಿದ್ದಾರೆ. ಅವರ ಹೆಸರಿನಲ್ಲೂ ಪಾಲಿಸಿಗಳಿವೆ. ಮದುವೆಯ ಹೊಸದರಲ್ಲಿ ನಾಮಿನಿಯ ಜಾಗದಲ್ಲಿ ಗಂಡನ ಹೆಸರು ಬರೆದಿರುತ್ತಾರೆ. ಖುಲಾ ಪಡೆದೋ ತಲಾಖ್ ಆಗಿಯೋ ಬೇರೆಯಾಗಿ ವರ್ಷಗಳು ಕಳೆದರೂ ಆ ಹೆಸರು ಅಲ್ಲಿಯೇ ಇರುತ್ತದೆ. ನಾಳೆ ಆ ಸಹೋದರಿಗೆ ಏನಾದರೂ ಆದರೆ, ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತು ಕಟ್ಟಿದ ಕಂತಿನ ಹಣ ಮೊದಲು ತಲುಪುವುದು ಅವಳನ್ನು ಬಿಟ್ಟುಹೋದವನ ಕೈಗೆ. ಅವಳ ಮಕ್ಕಳು, ಅವಳ ವೃದ್ಧ ತಂದೆ ತಾಯಿ ಅವನ ಬಾಗಿಲು ತಟ್ಟಬೇಕು, ಇಲ್ಲವೇ ಕೋರ್ಟಿಗೆ ಅಲೆಯಬೇಕು. ಸಭೆಯ ಈ ಬದಿಯಲ್ಲಿ ಕುಳಿತಿರುವ ಸಹೋದರಿಯರೇ, ಮನೆಗೆ ಹೋಗಿ ಮೊದಲು ನಿಮ್ಮ ಪಾಲಿಸಿಯನ್ನು ತೆಗೆದು ನೋಡಿ.

“ನಮ್ಮಲ್ಲಿ ವಿಮೆಯೇ ಇಲ್ಲ” ಎಂದು ಕೆಲವರು ಹೇಳಬಹುದು. ವಿಮೆಯ ಧರ್ಮಬದ್ಧತೆಯ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಂದಿನ ವಿಷಯವಲ್ಲ. ಆದರೆ ಕೇಳದೆಯೇ ಬಂದ ವಿಮೆಗಳೂ ಇವೆ. ಕಾರ್ಖಾನೆಯಲ್ಲಿ ಭವಿಷ್ಯ ನಿಧಿ ಕಡಿತವಾಗುವ ಕಾರ್ಮಿಕರಿಗೆ 1976ರ ಠೇವಣಿ ಆಧಾರಿತ ವಿಮಾ ಯೋಜನೆ ತಾನಾಗಿಯೇ ಅನ್ವಯಿಸುತ್ತದೆ. ಕೆಲಸದಲ್ಲಿರುವಾಗ ಮರಣ ಹೊಂದಿದರೆ 2021ರಿಂದ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಸಿಗುವ ಹಣವದು. ಅದು ಹೋಗುವುದು ಭವಿಷ್ಯ ನಿಧಿಯ ನಾಮಿನಿಗೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯಲ್ಲಿ 2 ಲಕ್ಷ ರೂಪಾಯಿಯ ವಿಮೆಯಿದೆ. ಬ್ಯಾಂಕಿನಲ್ಲಿ ಸಹಿ ಹಾಕಿದ ದಿನ ಯಾರ ಹೆಸರು ಕೊಟ್ಟೆವೆಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಭವಿಷ್ಯ ನಿಧಿಯ 1952ರ ಯೋಜನೆಯಲ್ಲಿ, ಮದುವೆಗೆ ಮುಂಚೆ ಬರೆಸಿದ ನಾಮಿನೇಶನ್ ಮದುವೆಯೊಂದಿಗೆ ಅಸಿಂಧುವಾಗುತ್ತದೆಂಬ ನಿಯಮವಾದರೂ ಇದೆ. ಜೀವ ವಿಮೆಯಲ್ಲಿ ಅಂಥದೂ ಇಲ್ಲ.

ಒಂದು ಬಗೆಯ ಪಾಲಿಸಿಯ ಬಗ್ಗೆ ಮಾತ್ರ ಬೇರೆಯಾಗಿ ಹೇಳಬೇಕು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಸೆಕ್ಷನ್ ಅಡಿಯಲ್ಲಿ ಪತ್ನಿ ಮಕ್ಕಳ ಪ್ರಯೋಜನಕ್ಕಾಗಿಯೇ ಎಂದು ಬರೆಸಿದ ಪಾಲಿಸಿ ಒಂದು ಟ್ರಸ್ಟ್ ಇದ್ದಂತೆ. ಈ ಸೆಕ್ಷನ್ ಮುಸಲ್ಮಾನರಿಗೂ ಅನ್ವಯಿಸುತ್ತದೆ. ಸಾಲಗಾರರ ಕಾಟದಿಂದ ಅದಕ್ಕೆ ರಕ್ಷಣೆಯಿದೆ. ಆದರೆ ಅದರಲ್ಲಿ ಬರೆದ ಫಲಾನುಭವಿಯ ಹೆಸರನ್ನು ನಾಮಿನಿಯಂತೆ ತನ್ನಿಷ್ಟಕ್ಕೆ ಬದಲಿಸಲಾಗದು. ಸಹಿ ಹಾಕುವ ಮುನ್ನವೇ ಯೋಚಿಸಬೇಕು.

ಹಾಗಾದರೆ ಮಾಡಬೇಕಾದುದೇನು? ನಾವು ದೊಡ್ಡ ಯೋಜನೆಯನ್ನೇನೂ ಮುಂದಿಡುತ್ತಿಲ್ಲ.

ಮೊದಲನೆಯದಾಗಿ, ತಲಾಖ್ ಅಥವಾ ಖುಲಾ ಪೂರ್ಣಗೊಂಡು ಇದ್ದತ್ ಮುಗಿದ ವಾರದಲ್ಲಿಯೇ ಪಾಲಿಸಿ, ಭವಿಷ್ಯ ನಿಧಿ, ಬ್ಯಾಂಕ್ ಖಾತೆ – ಎಲ್ಲದರ ನಾಮಿನೇಶನ್ ಹೊಸದಾಗಿ ಬರೆಯಿರಿ. ವಿಮಾ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಬದಲಾವಣೆ ದಾಖಲಾದುದಕ್ಕೆ ಲಿಖಿತ ಸ್ವೀಕೃತಿ ಪಡೆಯಿರಿ. ಅದನ್ನು ಕೊಡಬೇಕಾದುದು ಕಾಯ್ದೆಯ ಪ್ರಕಾರ ಅವರ ಕರ್ತವ್ಯ. ಏಜೆಂಟರ ಬಾಯಿಮಾತನ್ನು ನಂಬಿ ಮರಳಬೇಡಿ.

ಎರಡನೆಯದಾಗಿ, ಒಬ್ಬರಿಗಿಂತ ಹೆಚ್ಚು ಜನರ ಹೆಸರನ್ನು ಬರೆಸಬಹುದು. ಮಕ್ಕಳ ಹೆಸರನ್ನು ಬರೆಸಿ. ಅವರು ಅಪ್ರಾಪ್ತರಾದರೆ ಅವರ ಪರವಾಗಿ ಹಣ ಪಡೆಯಲು ಒಬ್ಬ ಹಿರಿಯರನ್ನು ಸೂಚಿಸಬೇಕಾಗುತ್ತದೆ. ಮಕ್ಕಳನ್ನು ಸಾಕುತ್ತಿರುವ ತಾಯಿಯನ್ನೇ ಸೂಚಿಸಲು ಏನಡ್ಡಿ? ನಿಮ್ಮ ಮತ್ತು ಅವಳ ಜಗಳದ ಬೆಲೆಯನ್ನು ಮಕ್ಕಳು ತೆರಬೇಕಿಲ್ಲ.

ಮೂರನೆಯದಾಗಿ, ಸಾಲ, ಬಾಕಿ ಮಹರ್, ವಸಿಯ್ಯತ್, ಮತ್ತು ನಾಮಿನಿಯು ಹಣವನ್ನು ಶರೀಅತ್ ಪ್ರಕಾರ ಹಂಚಬೇಕೆಂಬ ಸೂಚನೆ – ಇವನ್ನು ಒಂದು ಹಾಳೆಯಲ್ಲಿ ಸಾಕ್ಷಿಗಳ ಮುಂದೆ ಬರೆದಿಡಿ.

ನಾಲ್ಕನೆಯ ಮಾತು ನಮ್ಮ ಜಮಾಅತ್‌ಗಳಿಗೆ. ನಂಜನಗೂಡಿನಲ್ಲಾಗಲಿ ಟಿ. ನರಸೀಪುರದಲ್ಲಾಗಲಿ ತಲಾಖ್ ದಾಖಲಿಸುವಾಗ ಒಂದು ಪುಟ ಹೆಚ್ಚು ಸೇರಿಸಿ. ಮಹರ್ ಸಂದಿದೆಯೇ? ಮಕ್ಕಳ ಖರ್ಚು ನಿಗದಿಯಾಗಿದೆಯೇ? ಇಬ್ಬರ ವಿಮೆ, ಭವಿಷ್ಯ ನಿಧಿ, ಬ್ಯಾಂಕ್ ಖಾತೆಗಳಲ್ಲಿ ಯಾರ ಹೆಸರಿದೆ? ಈ ಮೂರು ಪ್ರಶ್ನೆ ಕೇಳಲು ಕಮಿಟಿಗೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಒಂದು ಕುಟುಂಬದ ಹತ್ತು ವರ್ಷದ ವ್ಯಾಜ್ಯವನ್ನು ತಪ್ಪಿಸಬಹುದು.

ಕೊನೆಯದಾಗಿ ಒಂದು ಮಾತು. ಉತ್ತರಾಖಂಡದಲ್ಲಿ 2025ರ ಜನವರಿಯಲ್ಲಿ ಸಮಾನ ನಾಗರಿಕ ಸಂಹಿತೆ ಜಾರಿಗೆ ಬಂದಾಗ ನಾವು ಕಳವಳಪಟ್ಟೆವು. ವಾರೀಸಿನ ನಿಯಮ ನಮ್ಮ ಧರ್ಮದ ಭಾಗ, ಅದನ್ನು ಮುಟ್ಟಬೇಡಿ ಎಂದು ಹೇಳಿದೆವು. ಹೇಳುವುದು ನಮ್ಮ ಹಕ್ಕು, ಮುಂದೆಯೂ ಹೇಳೋಣ. ಆದರೆ ಆ ನಿಯಮವನ್ನು ನಮ್ಮ ಮನೆಗಳಲ್ಲಿ ಮುರಿಯುತ್ತಿರುವವರು ಯಾರು? ಹೆಣ್ಣು ಮಕ್ಕಳ ಪಾಲನ್ನು ನುಂಗಿದವರು, ಮಹರನ್ನು ಉಳಿಸಿಕೊಂಡವರು, ತಲಾಖ್ ಕೊಟ್ಟವಳ ಮಕ್ಕಳನ್ನು ಲೆಕ್ಕದಿಂದ ಬಿಟ್ಟವರು ಯಾವ ಸರಕಾರದವರೂ ಅಲ್ಲ. ಶರೀಅತ್‌ನ ರಕ್ಷಣೆ ಬೀದಿಯಲ್ಲಿ ಆಗುವುದಕ್ಕಿಂತ ಮೊದಲು ಕಪಾಟಿನಲ್ಲಿರುವ ಆ ಕಾಗದದಲ್ಲಿ ಆಗಬೇಕಾಗಿದೆ.

ಮರಣದ ದಿನವನ್ನು ನಾವು ಅರಿಯೆವು. ಅದಕ್ಕೆ ಮುಂಚಿನ ದಿನ ಯಾವುದೆಂಬುದನ್ನೂ ಅರಿಯೆವು. ಆದ್ದರಿಂದ ಇಂದು ರಾತ್ರಿ ಇಶಾ ನಮಾಝಿನ ಬಳಿಕ ಆ ಚೀಲವನ್ನು ತೆರೆಯಿರಿ. ಹೆಸರನ್ನು ಓದಿರಿ. ಅದು ನ್ಯಾಯದ ಹೆಸರೇ ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ.

ಹಕ್ಕುದಾರರಿಗೆ ಅವರ ಹಕ್ಕನ್ನು ತಲುಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.